ಕೆಟ್ಟ ಹಿಮಕ್ಕೊಂದು ಸ್ಕೀ

ಸ್ವಿಟ್ಜರ್ಲೆಂಡಿನ ದಾವೋಸ್ ಪಕ್ಕದಲ್ಲಿ ಫ್ಲುಯೆಲಾ ಶ್ವಾರ್ಟ್ಸ್‌ಹಾರ್ನ್ ಎಂಬ 3,146 ಮೀಟರಿನ ಶಿಖರವಿದೆ. ಚಳಿಗಾಲದಲ್ಲಿ ಕೆಳಗಿನ ಚುಗ್ಗೆನ್‌ನಿಂದ ಹೊರಟವರು ಸುಮಾರು 1,200 ಮೀಟರ್ ಎತ್ತರ ಏರಬೇಕು. ಅಲ್ಲಿ ಲಿಫ್ಟಿಲ್ಲ, ಯಂತ್ರ ಓಡಿಸಿ ಹದ ಮಾಡಿದ ಪಿಸ್ಟ್ ಇಲ್ಲ. ಸ್ಕೀಯ ಅಡಿಗೆ ರೋಮದ ಪಟ್ಟಿ ಅಂಟಿಸಿ, ಬೂಟಿನ ಹಿಮ್ಮಡಿಯನ್ನು ಬಿಡಿಸಿಕೊಂಡು, ಹೆಜ್ಜೆ ಹೆಜ್ಜೆಯಾಗಿ ಸ್ಕೀ ಜಾರಿಸುತ್ತಾ ಹತ್ತಬೇಕು. ಗಂಟೆಗೆ 300 ಮೀಟರ್ ಏರುವವರಿಗೆ ಇದು ನಾಲ್ಕು ಗಂಟೆಯ ದುಡಿಮೆ. ಮೇಲೆ ತಲುಪಿದ ಮೇಲೆ ಪಟ್ಟಿ ಕಿತ್ತು, ಮಡಚಿ ಚೀಲಕ್ಕೆ ಹಾಕಿ, ಹಿಮ್ಮಡಿ ಬಿಗಿದುಕೊಂಡರೆ ಇಳಿಯುವ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರುವ ಇಂಥ ಪ್ರವಾಸಕ್ಕೆ, ಅಂದರೆ ಸ್ಕೀ ಟೂರಿಂಗಿಗೆ, ಆಲ್ಪ್ಸ್‌ನಲ್ಲಿ ಪ್ರತಿ ವಾರಾಂತ್ಯ ಸಾವಿರಾರು ಜನ ಹೊರಡುತ್ತಾರೆ. ಜ್ಯೂರಿಕ್, ಮ್ಯೂನಿಕ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರೂ ಈಗ ಆ ಗುಂಪಿನಲ್ಲಿ ಕಾಣಸಿಗುತ್ತಾರೆ.

ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಯಾವ ಸ್ಕೀ? ಹತ್ತುವಾಗ ಬೇಕಾದ ಗುಣಗಳು ಒಂದು ಕಡೆ, ಇಳಿಯುವಾಗ ಬೇಕಾದವು ಇನ್ನೊಂದು ಕಡೆ ಎಳೆಯುತ್ತವೆ. ತಯಾರಕರ ಕೈಪಿಡಿ, ಅಂಗಡಿಯವರ ಸಲಹೆ, ಜೊತೆಗಾರರ ಅನುಭವ ಎಲ್ಲವೂ ಈ ಎಳೆದಾಟದಲ್ಲಿ ಯಾವುದೋ ಒಂದು ಪಕ್ಷ ಹಿಡಿದಿರುತ್ತವೆ. ನನ್ನ ವಾದ ಸರಳವಾದದ್ದು. ಮೊಣಕಾಲುದ್ದದ ಹೊಸ ಪುಡಿಹಿಮದಲ್ಲಿ ಯಾವ ಸ್ಕೀಯೂ ಒಳ್ಳೆಯ ಸ್ಕೀಯೇ. ದಿನದ ಅತ್ಯಂತ ಕೆಟ್ಟ ಹಿಮದಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುವ ಸ್ಕೀಯನ್ನು ಕೊಳ್ಳಬೇಕು.

ಈ ಪ್ರಶ್ನೆ ಹೊಸದೇನಲ್ಲ. 1888ರಲ್ಲಿ ಫ್ರಿಟ್ಯೋಫ್ ನಾನ್ಸೆನ್ ಸ್ಕೀ ಮೇಲೆ ಗ್ರೀನ್‌ಲ್ಯಾಂಡ್ ದಾಟಿದ ಕಥೆ ಯುರೋಪಿನ ತುಂಬ ಹರಡಿದಾಗ, ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡಿನಲ್ಲಿದ್ದ ಮಥಿಯಾಸ್ ಝ್ಡಾರ್ಸ್ಕಿ ಅದನ್ನು ಓದಿ ನಾರ್ವೆಯಿಂದ ಸ್ಕೀ ತರಿಸಿಕೊಂಡ. ನಾರ್ವೆಯ ಉರುಟು ಗುಡ್ಡಗಳಿಗೆ ಒಗ್ಗಿದ ಆ ಉದ್ದನೆಯ ಸ್ಕೀ ಆಲ್ಪ್ಸ್‌ನ ಕಡಿದಾದ ಇಳಿಜಾರಿನಲ್ಲಿ ತಿರುಗಲೊಲ್ಲದು. ಅವನು ಅದನ್ನು ಗಿಡ್ಡ ಮಾಡಿದ, ಬೂಟನ್ನು ಸ್ಕೀಗೆ ಬಿಗಿದು ಹಿಮ್ಮಡಿಯನ್ನು ಹಿಡಿತದಲ್ಲಿಡುವ ಬೈಂಡಿಂಗ್ ರೂಪಿಸಿದ, 1890ರ ದಶಕದಲ್ಲಿ ಕಡಿದಾದ ಬೆಟ್ಟಕ್ಕೆ ತಕ್ಕ ತಂತ್ರವನ್ನೇ ಬರೆದಿಟ್ಟ. ಅದೇ ದಶಕದಲ್ಲಿ, 1894ರ ಮಾರ್ಚಿನಲ್ಲಿ, ಶೆರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ದಾವೋಸಿನ ಬ್ರಾಂಗರ್ ಸಹೋದರರ ಜೊತೆ ಮೈಯೆನ್‌ಫೆಲ್ಡರ್ ಫುರ್ಗಾ ಕಣಿವೆದಾರಿ ದಾಟಿ ಅರೋಸಾ ತಲುಪಿದ. ಆಗಿನ ಸ್ಕೀ ಬರಿಯ ಮರದ ಹಲಗೆ. ಗಟ್ಟಿ ಹಿಮದ ಮೇಲೆ ಅದಕ್ಕೆ ಹಿಡಿತವೇ ಇರಲಿಲ್ಲ. ಸಾಲ್ಸ್‌ಬುರ್ಗಿನ ಪರ್ವತಾರೋಹಿ ರುಡಾಲ್ಫ್ ಲೆಟ್ನರ್ ಉಕ್ಕಿನ ಅಂಚಿಗೆ ಪೇಟೆಂಟ್ ಪಡೆದದ್ದು 1926ರಲ್ಲಿ. ಸ್ಕೀಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ನನಗೆ ಕಾಣುವುದಿಲ್ಲ. ಅದು ಹುಟ್ಟಿದ್ದು ಪುಡಿಹಿಮದ ಸಂತೋಷಕ್ಕಾಗಿ ಅಲ್ಲ, ಗಟ್ಟಿ ಹಿಮದಲ್ಲಿ ಜೀವ ಉಳಿಸಿಕೊಳ್ಳುವುದಕ್ಕಾಗಿ ಎಂಬುದನ್ನು ನೆನಪಿಡಬೇಕು.

ಮೊದಲು ತೂಕದ ಮಾತು. ಟೂರಿಂಗಿನವರು ಸೇರಿದಲ್ಲೆಲ್ಲ ಗ್ರಾಮಿನ ಲೆಕ್ಕ ನಡೆಯುತ್ತದೆ, ನಡೆಯಬೇಕಾದದ್ದೇ. ಹದವಾದ ಒಂದು ಜೋಡಣೆ ನೋಡೋಣ: ಒಂದು ಸ್ಕೀ 1,400 ಗ್ರಾಂ, ಬೈಂಡಿಂಗ್ 350, ರೋಮದ ಪಟ್ಟಿ 250, ಬೂಟು 1,300. ಒಂದು ಕಾಲಿಗೆ 3.3 ಕೆ.ಜಿ. ಲಿಫ್ಟಿನಲ್ಲಿ ಹೋಗಿ ಪಿಸ್ಟಿನ ಹೊರಗೆ ಇಳಿಯುವವರ ಭಾರೀ ಜೋಡಣೆಯಲ್ಲಿ ಸ್ಕೀ 1,900, ಬೈಂಡಿಂಗ್ 880, ಪಟ್ಟಿ 320, ಬೂಟು 1,700. ಒಂದು ಕಾಲಿಗೆ 4.8 ಕೆ.ಜಿ. ವ್ಯತ್ಯಾಸ ಕಾಲಿಗೆ ಒಂದೂವರೆ ಕಿಲೋ. 1,200 ಮೀಟರ್ ಏರಿಕೆಯ ಅಂಕುಡೊಂಕು ಹಾದಿಯಲ್ಲಿ ಹತ್ತಿರ ಹತ್ತು ಸಾವಿರ ಹೆಜ್ಜೆ ಬೀಳುತ್ತವೆ. ಬೆನ್ನ ಮೇಲಿನ ಮೂರು ಕಿಲೋ ಮೈಯೊಡನೆ ಒಂದೇ ಸಮ ಸಾಗುತ್ತದೆ. ಕಾಲಿನ ಮೂರು ಕಿಲೋವನ್ನು ಮಾತ್ರ ಪ್ರತಿ ಹೆಜ್ಜೆಗೂ ನಿಂತಲ್ಲಿಂದ ಎಳೆದು ಚಾಲನೆ ಕೊಟ್ಟು ಮತ್ತೆ ನಿಲ್ಲಿಸಬೇಕು. ಅದಕ್ಕೇ ಕಾಲಿನ ಭಾರ ಬೆನ್ನಿನ ಭಾರಕ್ಕಿಂತ ಬೇಗ ದಣಿಸುತ್ತದೆ. ದಣಿದ ತೊಡೆಯಿಂದ ಇಳಿಯುವವನಿಗೆ ಅತ್ಯುತ್ತಮ ಸ್ಕೀ ಇದ್ದರೂ ಅದರ ಗುಣ ಕೈಗೆ ಸಿಗುವುದಿಲ್ಲ.

ಹಾಗೆಂದು ಹಗುರವಾದಷ್ಟೂ ಒಳ್ಳೆಯದು ಎನ್ನುವವರ ಜೊತೆ ನಾನಿಲ್ಲ. ಸ್ಕೀ ಪರ್ವತಾರೋಹಣ 2026ರ ಮಿಲಾನೊ-ಕೊರ್ಟಿನಾ ಚಳಿಗಾಲದ ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಸ್ಪರ್ಧೆಯ ಸ್ಕೀಗಳು ಎಲ್ಲರ ಕಣ್ಣಿಗೆ ಬಿದ್ದಿವೆ. ಒಂದೊಂದೂ 700–800 ಗ್ರಾಂ, ಸೊಂಟ 65 ಮಿಲಿಮೀಟರಿನ ಆಸುಪಾಸು. ಸೊಂಟ ಎಂದರೆ ಬೂಟಿನ ಅಡಿಯಲ್ಲಿ ಸ್ಕೀಯ ಅಗಲ. ಜರ್ಮಾಟ್‌ನಿಂದ ವೆರ್ಬಿಯೆಗೆ ಓಡುವ ‘ಪತ್ರೂಯಿ ದೆ ಗ್ಲಾಸಿಯೆ’ಯಂಥ ದೀರ್ಘ ಸ್ಪರ್ಧೆಗಳಿಗೆ ಇವೇ ಸರಿ. ಇವು ಬಿಗಿಯಾದ ಕಾರ್ಬನ್ ನಾರಿನಿಂದ, ತುಂಬ ಹಗುರ ಮರದ ತಿರುಳಿನಿಂದ ಆದವು. ರಾತ್ರಿ ಹೆಪ್ಪುಗಟ್ಟಿದ ಒರಟು ಹಿಮದ ಮೇಲೆ ಇಂಥ ಸ್ಕೀ ನಡುಗುತ್ತದೆ. ಸಣ್ಣ ಉಬ್ಬು ತಗಲಿದರೂ ಮೂತಿ ಬೇರೆ ದಿಕ್ಕಿಗೆ ಸಿಡಿಯುತ್ತದೆ. ತೂಕವೇ ಆ ನಡುಕವನ್ನು ನುಂಗುವ ವಸ್ತು. ನುರಿತವರು ಹಗುರ ಸ್ಕೀಯ ಕೊರತೆಯನ್ನು ಕಾಲಿನ ಚಾತುರ್ಯದಿಂದ ತುಂಬಿಕೊಳ್ಳುತ್ತಾರೆ, ಕಲಿಯುತ್ತಿರುವವರಿಗೆ ಆ ಚಾತುರ್ಯ ಇನ್ನೂ ಬಂದಿರುವುದಿಲ್ಲ. ಹೊಸಬರಿಗೆ ‘ಹಗುರವಾದದ್ದು ಕೊಡಿ, ಹತ್ತಲು ಸುಲಭ’ ಎಂದು 1,000 ಗ್ರಾಮಿನ ಸ್ಕೀ ಕೊಡಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಹಗಲು ಪ್ರವಾಸಕ್ಕೆ 1,250ರಿಂದ 1,550 ಗ್ರಾಂ ಒಳಗಿನ ಸ್ಕೀ ಬಹುಪಾಲು ಜನರಿಗೆ ಸರಿಹೋಗುತ್ತದೆ. ಇನ್ನೂ ಹಗುರ ಬೇಕಾದವರು ಗ್ರಾಮನ್ನು ಮೊದಲು ಬೈಂಡಿಂಗಿನಲ್ಲಿ, ಚೀಲದಲ್ಲಿ ಉಳಿಸಲಿ. ಅಲ್ಲಿ ಉಳಿಸಿದ್ದು ಇಳಿಯುವಾಗ ಅಷ್ಟಾಗಿ ಕಾಡುವುದಿಲ್ಲ.

ಅಗಲದ ವಿಷಯದಲ್ಲಿ ಅಭಿಪ್ರಾಯಭೇದ ಇನ್ನೂ ಹೆಚ್ಚು. ಅಗಲ ಹೆಚ್ಚಿದರೆ ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡಿ ಸ್ಕೀ ಪುಡಿಹಿಮದಲ್ಲಿ ತೇಲುತ್ತದೆ. 2002ರಲ್ಲಿ ಶೇನ್ ಮೆಕಾಂಕಿ ರೂಪಿಸಿದ ‘ವೊಲಾಂಟ್ ಸ್ಪ್ಯಾಚುಲಾ’ ಎಂಬ ವಿಚಿತ್ರಾಕಾರದ ಅಗಲ ಸ್ಕೀ ಬಂದ ಮೇಲೆ ಪುಡಿಹಿಮದ ಸ್ಕೀಗಳ ರೂಪವೇ ಬದಲಾಯಿತು. ಆ ಗಾಳಿ ಟೂರಿಂಗಿಗೂ ಬೀಸಿ, 105–110 ಮಿಲಿಮೀಟರ್ ಸೊಂಟದ ಸ್ಕೀ ಕಾಲಿಗೆ ಕಟ್ಟಿಕೊಂಡು ಬೆಟ್ಟ ಹತ್ತುವವರು ಬೇಕಾದಷ್ಟು ಜನ ಇದ್ದಾರೆ. ಜಪಾನಿನ ಹೊಕ್ಕೈಡೊದಂಥ ಕಡೆ, ದಿನವಿಡೀ ಹಿಮ ಸುರಿಯುವಲ್ಲಿ, ಅವರ ಆಯ್ಕೆ ಸರಿಯೇ. ಆಲ್ಪ್ಸ್‌ನ ಋತು ಬೇರೆ. ಜನವರಿಯ ಒಂದೆರಡು ವಾರ ಪುಡಿಹಿಮ ಸಿಕ್ಕರೆ, ಫೆಬ್ರುವರಿಯಲ್ಲಿ ಗಾಳಿ ಅದನ್ನು ಬಡಿದು ಹಲಗೆಯಾಗಿಸಿರುತ್ತದೆ. ಮಾರ್ಚಿನಲ್ಲಿ ಮೇಲೆ ತೆಳುವಾದ ಪದರ, ಕೆಳಗೆ ಸಡಿಲ ಹಿಮ; ತುಳಿದರೆ ಪದರ ಒಡೆದು ಸ್ಕೀ ಸಿಕ್ಕಿಕೊಳ್ಳುತ್ತದೆ. ಏಪ್ರಿಲಿನಲ್ಲಿ ರಾತ್ರಿ ಕಲ್ಲಾಗಿ, ಬೆಳಿಗ್ಗೆ ಹತ್ತು–ಹನ್ನೊಂದರ ಹೊತ್ತಿಗೆ ಮೇಲಿನ ಒಂದೆರಡು ಸೆಂಟಿಮೀಟರ್ ಕರಗಿ ಹದಕ್ಕೆ ಬಂದು, ಮಧ್ಯಾಹ್ನದ ಹೊತ್ತಿಗೆ ನೀರು ಕುಡಿದ ಗಂಜಿಯಾಗುವ ಹಿಮ. ಶ್ವಾರ್ಟ್ಸ್‌ಹಾರ್ನಿನಂಥ ಒಂದೇ ಇಳಿಜಾರಿನಲ್ಲಿ ವಸಂತದ ದಿನ ಇವುಗಳಲ್ಲಿ ಮೂರನ್ನಾದರೂ ದಾಟಿಯೇ ಕೆಳಗೆ ಬರಬೇಕು.

ಗಟ್ಟಿ ಹಿಮದಲ್ಲಿ ಅಗಲ ಏಕೆ ತೊಂದರೆ ಕೊಡುತ್ತದೆ ಎಂಬುದಕ್ಕೆ ಲೆಕ್ಕವಿದೆ. ಅಲ್ಲಿ ಸ್ಕೀ ನಿಲ್ಲುವುದು ಒಂದು ಅಂಚಿನ ಮೇಲೆ. ಬೂಟಿನ ನಡುಗೆರೆಯಿಂದ ಆ ಅಂಚಿಗೆ ಇರುವ ದೂರ ಸೊಂಟದ ಅರ್ಧ. 80ರ ಸ್ಕೀಯಲ್ಲಿ 40 ಮಿಲಿಮೀಟರ್, 100ರಲ್ಲಿ 50. ಅಂದರೆ ಅಗಲ ಸ್ಕೀ ಕಣಕಾಲನ್ನು ತಿರುಚುವ ಬಲ ಕಾಲು ಭಾಗ ಹೆಚ್ಚು. ಇಳಿಯುವಾಗ ಇದನ್ನು ಹೇಗೋ ನಿಭಾಯಿಸಬಹುದು. ಬೆಳಗಿನ ಜಾವ ಗಟ್ಟಿಯಾದ ಓರೆ ಇಳಿಜಾರನ್ನು ಅಡ್ಡಡ್ಡ ಹತ್ತುವಾಗ, ಅರ್ಧ ಗಂಟೆ ಒಂದೇ ಸಮನೆ ಆ ಅಂಚನ್ನು ಹಿಡಿದಿಡಬೇಕಾಗಿ ಬಂದಾಗ ಕಣಕಾಲು ಸೋಲುತ್ತದೆ.

ಹತ್ತುವ ಹಾದಿಯ ತಿರುವುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 35 ಡಿಗ್ರಿ ಇಳಿಜಾರಿನಲ್ಲಿ ದಿಕ್ಕು ಬದಲಿಸಬೇಕಾದರೆ ನೇರ ತಿರುಗಲು ಜಾಗವಿರುವುದಿಲ್ಲ. ಎರಡೂ ಕೋಲನ್ನು ಊರಿ, ಬೆಟ್ಟದ ಕಡೆಯ ಕಾಲನ್ನು ಎತ್ತಿ, ಸ್ಕೀಯನ್ನು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿ, ಮೂತಿ ಹೊಸ ದಿಕ್ಕಿಗೆ ಬರುವ ಹಾಗೆ ಇಳಿಜಾರಿನ ಮೇಲೆ ಅಡ್ಡ ಇಡಬೇಕು. ಒಂದು ಕ್ಷಣ ಎರಡು ಪಾದಗಳೂ ಎದುರುಬದುರು ದಿಕ್ಕಿಗೆ ಮುಖ ಮಾಡಿರುತ್ತವೆ. ಆಮೇಲೆ ಮೈಭಾರವನ್ನು ಹೊಸ ಸ್ಕೀಗೆ ದಾಟಿಸಿ, ಹಿಂದಿನ ಕಾಲನ್ನು ಎತ್ತಿ ಹಿಮ್ಮಡಿಯನ್ನು ಚಟ್ಟನೆ ಹಿಂದಕ್ಕೆ ಒದ್ದರೆ ಸ್ಕೀಯ ಬಾಲ ಕೆಳಕ್ಕೆ ಬಿದ್ದು ಮೂತಿ ಮೇಲೇಳುತ್ತದೆ, ಆಗ ಅದನ್ನು ಪಕ್ಕಕ್ಕೆ ಎಳೆದುಕೊಳ್ಳಬಹುದು. ಉದ್ದದ, ಭಾರದ ಸ್ಕೀಯಲ್ಲಿ ಆ ಮೂತಿ ಏಳುವುದಿಲ್ಲ. ಹಿಮಕ್ಕೆ ತಾಕಿ ನಿಂತುಬಿಡುತ್ತದೆ. ಕಾಲು ಅಡ್ಡಕ್ಕೆ ಸಿಕ್ಕಿಕೊಂಡು, ಕೆಳಗೆ ಇನ್ನೂರು ಮೀಟರ್ ಇಳಿಜಾರು ನೋಡುತ್ತಾ ನಿಲ್ಲುವ ಆ ಗಳಿಗೆಯಲ್ಲಿ ಪುಡಿಹಿಮದ ತೇಲಾಟ ಯಾರಿಗೂ ನೆನಪಾಗುವುದಿಲ್ಲ.

ಹಾಗಾಗಿ ಆಲ್ಪ್ಸ್‌ನ ಹಗಲು ಪ್ರವಾಸಕ್ಕೆ 85ರಿಂದ 95 ಮಿಲಿಮೀಟರ್ ಸೊಂಟ ಎಂಬುದು ನನ್ನ ತೀರ್ಪು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಡಿನ ನೆರಳಿನ ಇಳಿಜಾರುಗಳಿಗೇ ಹೋಗುವವರು 100ರ ತನಕ ಏರಲಿ. ಏಪ್ರಿಲ್, ಮೇನಲ್ಲಿ ಹಿಮನದಿಗಳ ಮೇಲೆ ಎತ್ತರದ ಶಿಖರಗಳಿಗೆ ಹೋಗುವವರಿಗೆ 80–85 ಸಾಕು.

ಉದ್ದದ ಬಗ್ಗೆ ಅಂಗಡಿಗಳಲ್ಲಿ ಎತ್ತರದ ಪಟ್ಟಿ ತೋರಿಸುತ್ತಾರೆ: ಗಲ್ಲದಿಂದ ಹಣೆಯವರೆಗೆ ಬರುವ ಸ್ಕೀ. ಆ ಅಳತೆಯಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಸ್ಕೀಯನ್ನು ಬಾಗಿಸುವುದು ನಮ್ಮ ಎತ್ತರ ಅಲ್ಲ, ತೂಕ. 175 ಸೆಂಟಿಮೀಟರ್ ಎತ್ತರದ 62 ಕೆ.ಜಿ. ಮನುಷ್ಯನಿಗೂ ಅಷ್ಟೇ ಎತ್ತರದ 88 ಕೆ.ಜಿ. ಮನುಷ್ಯನಿಗೂ ಒಂದೇ ಉದ್ದದ, ಒಂದೇ ಬಿಗಿತದ ಸ್ಕೀ ಕೊಟ್ಟರೆ ಮೊದಲನೆಯವನು ಅದನ್ನು ಬಾಗಿಸಲಾರದೆ ಬರಿದೆ ಅದರ ಮೇಲೆ ಸವಾರಿ ಮಾಡುತ್ತಾನೆ. ನಮ್ಮ ಕಡೆಯ ಸಣಕಲು ಮೈಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪಿಸ್ಟಿನ ಸ್ಕೀಗಿಂತ ಐದು–ಹತ್ತು ಸೆಂಟಿಮೀಟರ್ ಗಿಡ್ಡದ, ಸ್ವಲ್ಪ ಮೆದುವಾದ ಸ್ಕೀ ಕೇಳಿ. ಅಂಗಡಿಯಲ್ಲಿ ಸ್ಕೀಯ ಬಾಲವನ್ನು ನೆಲಕ್ಕೂರಿ, ಒಂದು ಕೈಯಲ್ಲಿ ಮೂತಿ ಹಿಡಿದು ಇನ್ನೊಂದು ಅಂಗೈಯಿಂದ ಸೊಂಟವನ್ನು ಒತ್ತಿ ನೋಡಬಹುದು. ಒತ್ತಿದ್ದು ಸಮವಾಗಿ ಬಿಲ್ಲಿನಂತೆ ಬಾಗಬೇಕು. ಮೂತಿ ಮಾತ್ರ ಬಾಗಿ ಬಾಲ ಕಂಬದಂತೆ ನಿಂತರೆ, ಅಂಥದ್ದು ಒಡೆಯುವ ಪದರದಲ್ಲಿ ಸಿಕ್ಕಿದಾಗ ಬಿಡಿಸಿಕೊಳ್ಳುವುದು ಕಷ್ಟ.

ಮೂತಿ ಸ್ವಲ್ಪ ಮುಂಚೆಯೇ ಮೇಲಕ್ಕೆ ಬಾಗಿರುವ ರಚನೆಗೆ ರಾಕರ್ ಎನ್ನುತ್ತಾರೆ, ಕಾಲಡಿಯ ಕಮಾನಿಗೆ ಕ್ಯಾಂಬರ್. ಮೂತಿಯಲ್ಲಿ ಅಷ್ಟಿಷ್ಟು ರಾಕರ್, ಕಾಲಡಿಯಲ್ಲಿ ಕ್ಯಾಂಬರ್, ಬಾಲ ಬಹುತೇಕ ಚಪ್ಪಟೆ. ಟೂರಿಂಗಿಗೆ ಇದು ಬಹುತೇಕ ಇತ್ಯರ್ಥವಾದ ಸಂಗತಿ. ರಾಕರ್ ವಿಪರೀತವಾದರೆ ಹತ್ತುವಾಗ ರೋಮದ ಪಟ್ಟಿಯ ಮುಂಭಾಗ ಹಿಮಕ್ಕೆ ತಾಗುವುದೇ ಇಲ್ಲ, ಗಟ್ಟಿ ಹಿಮದಲ್ಲಿ ಹಿಡಿಯುವ ಅಂಚಿನ ಉದ್ದವೂ ತಗ್ಗುತ್ತದೆ. ಬಾಲ ಚಪ್ಪಟೆಯಾಗಿದ್ದರೆ ಪಟ್ಟಿಯ ಕೊಕ್ಕೆ ಚೆನ್ನಾಗಿ ಕೂರುತ್ತದೆ, ಸ್ಕೀಯನ್ನು ಹಿಮದಲ್ಲಿ ಊರಿ ನಿಲ್ಲಿಸುವುದೂ ಸುಲಭ.

ಆ ಪಟ್ಟಿಯ ಬಗ್ಗೆ ಸ್ವಲ್ಪ. ಮಧ್ಯ ಏಷ್ಯಾದ ಆಲ್ತಾಯ್ ಬೆಟ್ಟಗಳಲ್ಲಿ ಕುದುರೆ ಚರ್ಮವನ್ನು ಸ್ಕೀಗೆ ಜಡಿದು ಹತ್ತುವ ಪದ್ಧತಿ ಇಂದಿಗೂ ಇದೆ. ಯುರೋಪಿನಲ್ಲಿ ಹಿಂದೆ ಸೀಲ್ ಪ್ರಾಣಿಯ ಚರ್ಮ ಬಳಸುತ್ತಿದ್ದರು. ಈಗ ಅಂಗೋರಾ ಮೇಕೆಯ ಮೊಹೇರ್ ರೋಮ, ನೈಲಾನ್, ಇಲ್ಲವೇ ಎರಡರ ಮಿಶ್ರಣ. ರೋಮ ಹಿಂದಕ್ಕೆ ಒರಗಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮೊಹೇರ್ ಚೆನ್ನಾಗಿ ಜಾರುತ್ತದೆ, ನೈಲಾನ್ ಗಟ್ಟಿಯಾಗಿ ಹಿಡಿಯುತ್ತದೆ ಮತ್ತು ಹೆಚ್ಚು ಬಾಳುತ್ತದೆ. ಮಿಶ್ರಣ ಕೊಂಡವರು ಕೆಡುವುದಿಲ್ಲ. ಎರಡೂ ಕಡೆ ಉಕ್ಕಿನ ಅಂಚು ಹೊರಗೆ ಕಾಣುವಂತೆ ಪಟ್ಟಿಯನ್ನು ಕತ್ತರಿಸಬೇಕು. ಅಂಚು ಮುಚ್ಚಿಹೋದರೆ ಗಟ್ಟಿ ಓರೆಯಲ್ಲಿ ರೋಮದ ಮೇಲೆಯೇ ಜಾರಿಹೋಗುತ್ತೇವೆ. ಬೈಂಡಿಂಗಿಗೆ ಸಿಕ್ಕಿಸುವ ಹಲ್ಲಿನ ಕಬ್ಬಿಣ, ಅಂದರೆ ಸ್ಕೀ ಕ್ರಾಂಪಾನ್, ಸ್ಕೀಯ ಸೊಂಟಕ್ಕೆ ಹೊಂದುವ ಅಗಲದ್ದೇ ಆಗಬೇಕು. ಇದನ್ನು ‘ಆಮೇಲೆ ನೋಡೋಣ’ ಎಂದು ಬಿಡುವವರೇ ಹೆಚ್ಚು. ಏಪ್ರಿಲಿನ ಬೆಳಗಿಗೆ ಅದಿಲ್ಲದೆ ಹೊರಡಬಾರದು.

ಬೈಂಡಿಂಗಿನ ಕ್ರಾಂತಿ 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಸ್ ಬಾರ್ಟೆಲ್ ಕೈಯಿಂದ ಆಯಿತು. ಬೂಟಿನ ಮುಂದುಗಡೆ ಎರಡು ಪಕ್ಕಗಳ ಲೋಹದ ಗುಳಿಗೆ ಎರಡು ಮೊಳೆ ಕಚ್ಚಿಕೊಳ್ಳುವ ಅವನ ಉಪಾಯದಿಂದ ಹತ್ತುವಾಗ ಬೈಂಡಿಂಗ್ ಎತ್ತುವ ಕೆಲಸವೇ ತಪ್ಪಿತು; ಮೇಲೇಳುವುದು ಬೂಟು ಮಾತ್ರ. ಡೈನಾಫಿಟ್ ಅದನ್ನು ಮಾರುಕಟ್ಟೆಗೆ ತಂದಿತು. ಇಂದು ಸ್ಪರ್ಧೆಯ ಬೈಂಡಿಂಗ್ 150 ಗ್ರಾಮಿನಷ್ಟಿದೆ, ಬ್ರೇಕು, ಹಿಮ್ಮಡಿ ಏರಿಸುವ ಮೆಟ್ಟಿಲು ಇರುವಂಥದ್ದು 300ರಿಂದ 600. 2018ರಲ್ಲಿ ಬಂದ ಸಾಲೊಮನ್ ‘ಶಿಫ್ಟ್’ ಹತ್ತುವಾಗ ಮೊಳೆಯ ಮೇಲೂ ಇಳಿಯುವಾಗ ಪಿಸ್ಟಿನ ಬೈಂಡಿಂಗಿನಂತೆಯೂ ಕೆಲಸ ಮಾಡುತ್ತದೆ, ಆದರೆ 880 ಗ್ರಾಂ ತೂಗುತ್ತದೆ. ವಾರಾಂತ್ಯದಲ್ಲಿ ಅರ್ಧ ಲಿಫ್ಟು, ಅರ್ಧ ಹತ್ತುವಿಕೆ ಎನ್ನುವವರಿಗೆ ಅದು ಸರಿ, ಬರೀ ಹತ್ತುವವರಿಗೆ ಹೊರೆ. ಒಂದು ಎಚ್ಚರಿಕೆ: ಹತ್ತುವಾಗ ಮೊಳೆಗಳನ್ನು ಬೀಗ ಹಾಕಿದ ಸ್ಥಿತಿಯಲ್ಲಿ ಇಟ್ಟಿರುತ್ತೇವೆ. ಆಗ ಹಿಮ ಕುಸಿದರೆ ಸ್ಕೀ ಕಳಚಿಕೊಳ್ಳುವುದಿಲ್ಲ, ಲಂಗರಿನಂತೆ ಕಾಲನ್ನು ಕೆಳಕ್ಕೆ ಎಳೆಯುತ್ತದೆ.

ಬೂಟಿಗೆ ನಾನು ಇನ್ನೂ ಬಂದಿಲ್ಲ, ನಿಜದಲ್ಲಿ ಅದೇ ಮೊದಲು ಬರಬೇಕಾದದ್ದು. ಕಾಲಿಗೆ ಹೊಂದದ ಬೂಟಿನಲ್ಲಿ ಯಾವ ಸ್ಕೀಯೂ ಮಾತು ಕೇಳುವುದಿಲ್ಲ. ಅಗಲ ಸ್ಕೀಯನ್ನು ಓರೆಯಾಗಿಸಲು ಬಿಗಿಯಾದ ಬೂಟು ಬೇಕು. ಒಂದು ಕಿಲೋದ ಮೆದು ಬೂಟಿಗೆ 105ರ ಸ್ಕೀ ಕಟ್ಟಿದರೆ ಆ ಸ್ಕೀ ನಮ್ಮನ್ನು ಓಡಿಸುತ್ತದೆ. ಹಣ ಮಿತವಾಗಿದ್ದರೆ ಬೂಟಿಗೆ ಹೆಚ್ಚು ಸುರಿಯಿರಿ, ಸ್ಕೀಯನ್ನು ಹಿಂದಿನ ಋತುವಿನದ್ದೋ ಬಾಡಿಗೆಯದ್ದೋ ತನ್ನಿ. ಆಲ್ಪ್ಸ್‌ನ ಬಹುತೇಕ ಬೆಟ್ಟದೂರುಗಳಲ್ಲಿ ಟೂರಿಂಗ್ ಸ್ಕೀ ಬಾಡಿಗೆಗೆ ಸಿಗುತ್ತದೆ. ಪರೀಕ್ಷಿಸಲು ಹಿಮ ಬಿದ್ದ ಮಾರನೆಯ ದಿನವನ್ನು ಆರಿಸಬೇಡಿ. ಅಂದು ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹಿಮ ಬಿದ್ದು ಹತ್ತು ದಿನ ಕಳೆದ ಮೇಲೆ, ಒಂದು ಗಟ್ಟಿ ಬೆಳಿಗ್ಗೆ ತೆಗೆದುಕೊಂಡು ಹೋಗಿ.

ಕೊಳ್ಳುವ ಪಟ್ಟಿಯಲ್ಲಿ ಸ್ಕೀಗಿಂತ ಮೊದಲು ಇರಬೇಕಾದವು ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ 457 ಕಿಲೋಹರ್ಟ್ಸ್‌ನ ಸಂಕೇತಯಂತ್ರ, ಶೋಧನ ಕೋಲು, ಸಲಿಕೆ. ಹಲಗೆಯಂತೆ ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ, ಅಂದರೆ ನಾವು ಇಷ್ಟಪಟ್ಟು ಹೋಗುವ ಇಳಿಜಾರಿನಲ್ಲಿ. ಸಿಕ್ಕಿಕೊಂಡವರಲ್ಲಿ ಬಹುಪಾಲು ಜನ ತಾವೋ ತಮ್ಮ ಜೊತೆಯವರೋ ಕೆದಕಿದ ಹಿಮದಲ್ಲೇ ಸಿಕ್ಕಿಕೊಂಡವರು. ಹೂತುಹೋದವರನ್ನು ಮೊದಲ ಹತ್ತು–ಹದಿನೈದು ನಿಮಿಷದಲ್ಲಿ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ತೀರಾ ಕುಸಿಯುತ್ತದೆ. ದಾವೋಸಿನ ಎಸ್‌ಎಲ್‌ಎಫ್ ಸಂಸ್ಥೆ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ, ಅಪಾಯಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತದೆ. 3 ಎಂದ ದಿನ ಕಡಿದಾದ ನೆರಳಿನ ಬದಿಯನ್ನು ಬಿಟ್ಟುಬಿಡುವವರೇ ಆ ಬೆಟ್ಟಗಳಲ್ಲಿ ಮುಪ್ಪಾಗುತ್ತಾರೆ.

ಭಾರತದಲ್ಲಿ ಈ ಪ್ರಶ್ನೆ ನಿಜವಾಗಿ ಏಳುವ ಜಾಗ ಗುಲ್ಮಾರ್ಗ್. ಅಲ್ಲಿನ ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ, ಅಲ್ಲಿಂದ ಏಣಿನ ಮೇಲೆ ಹತ್ತಿ ಹಿಂದಿನ ಕಣಿವೆಗಳಿಗೆ ಇಳಿಯಬಹುದು. ಒಣ, ಆಳ ಹಿಮಕ್ಕೆ ಹೆಸರಾದ ಜಾಗವದು. 100–108ರ ಅಗಲಕ್ಕೆ ಅಲ್ಲಿ ಅರ್ಥವಿದೆ. ಆದರೆ ಆ ಎತ್ತರದ ತೆಳು ಗಾಳಿಯಲ್ಲಿ ಕಾಲಿನ ಪ್ರತಿ ಗ್ರಾಮೂ ಆಲ್ಪ್ಸ್‌ಗಿಂತ ಹೆಚ್ಚು ಕಾಡುತ್ತದೆ, ಹಾಗಾಗಿ ಅಗಲವಿದ್ದೂ 1,600 ಗ್ರಾಂ ಮೀರದ ಸ್ಕೀ ನೋಡಬೇಕು. ಬೆಂಗಳೂರಿನಿಂದ ಗುಲ್ಮಾರ್ಗ್, ಔಲಿಗೆ ಹೋಗಿ ಹದಿನೈದು ದಿನದ ಕೋರ್ಸಿನಲ್ಲಿ ಸ್ಕೀ ಕಲಿತು ಬರುವ ತರುಣರು ಈಗ ಹೆಚ್ಚುತ್ತಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಸ್ಕೀಯಿಂಗಿನಲ್ಲಿ ಗೆದ್ದ ಪದಕಗಳ ಸುದ್ದಿ ಓದಿ ಆಸೆಪಟ್ಟವರೂ ಅವರಲ್ಲಿ ಇರುತ್ತಾರೆ. ಭವಾನಿ ಅವರದು ಕ್ರಾಸ್-ಕಂಟ್ರಿ, ಆ ಸ್ಪರ್ಧೆಯ ಸ್ಕೀ ಎರಡು ಬೆರಳಗಲಕ್ಕಿಂತ ತುಸು ಹೆಚ್ಚು, ಉಕ್ಕಿನ ಅಂಚಿಲ್ಲದ್ದು, ಬೆಟ್ಟದ ಇಳಿಜಾರಿಗೆ ಸಲ್ಲದ್ದು. ಕೋರ್ಸು ಮುಗಿಸಿದವರು ಮೊದಲ ಋತುವಿನಲ್ಲಿ ಸ್ವಂತ ಸ್ಕೀ ಕೊಳ್ಳದಿರುವುದೇ ಮೇಲು. ಸ್ವಂತಕ್ಕೆ ಬೂಟು ಮಾಡಿಸಿಕೊಂಡು, ಸ್ಕೀಯನ್ನು ಬಾಡಿಗೆಗೆ ಪಡೆದು, 88ರದ್ದು ಒಂದು ದಿನ, 98ರದ್ದು ಇನ್ನೊಂದು ದಿನ ಒಂದೇ ಇಳಿಜಾರಿನಲ್ಲಿ ಹತ್ತಿ ಇಳಿದು ನೋಡಲಿ. ಬಾಡಿಗೆಗೆ ಪಡೆಯುವಾಗ ಬೂಟಿನ ಅಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಹೇಳಿ, ಬೈಂಡಿಂಗಿನ ಹಿಮ್ಮಡಿಯನ್ನು ಅದಕ್ಕೆ ಸರಿಹೊಂದಿಸಿ, ಕಳಚಿಕೊಳ್ಳುವ ಬಲವನ್ನು ತಮ್ಮ ತೂಕಕ್ಕೆ ತಕ್ಕಂತೆ ತಿರುಗಿಸಿಕೊಟ್ಟಿದ್ದಾರೆಯೇ ಎಂದು ಎದುರಿಗೇ ನಿಂತು ನೋಡಿಕೊಳ್ಳಲಿ.